ಅಳಿಸೋ ಮುನ್ನ ಒಂದು ಮಾತು

2015ರ ಮಾತು. ಇಂಜಿನಿಯರಿಂಗ್ ಎರಡನೇ ವರ್ಷ. ಪರೀಕ್ಷೆಗೆ ಮೂರು ವಾರ ಇತ್ತು. ಸೀನಿಯರ್‌ಗಳ ನೋಟ್ಸು ಜೆರಾಕ್ಸಿನ ಜೆರಾಕ್ಸ್ ಆಗಿ ಅರ್ಧ ಪುಟ ಬರೀ ಕಪ್ಪು. ಆಗ ಹಾಸ್ಟೆಲ್ಲಿನ ಆರು ಜನ ಸೇರಿ ಒಂದು ಗೂಗಲ್ ಡಾಕ್ ಶುರು ಮಾಡಿದ್ವಿ. ವಿಷಯ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಒಬ್ಬೊಬ್ಬರಿಗೆ ಒಂದೊಂದು ಚಾಪ್ಟರ್. ಒಬ್ಬ ಬರೆದದ್ದನ್ನು ಉಳಿದವರು ತಿದ್ದಬೇಕು. ಐಡಿಯಾ ನನ್ನದು. ಹಾಗಾಗಿ ಯಜಮಾನಿಕೆಯೂ ನನ್ನದೇ ಅಂತ ನಾನೇ ಅಂದ್ಕೊಂಡಿದ್ದೆ.

ಹಾಸ್ಟೆಲ್ಲಲ್ಲಿ ಊರೇ ಹೆಸರು. ನಮ್ಮಲ್ಲೊಬ್ಬ ಚನ್ನಗಿರಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕ್ಲಾಸಲ್ಲಿ ಬಾಯಿ ಬಿಡದ ಹುಡುಗ, ಡಾಕ್‌ನಲ್ಲಿ ಮಾತ್ರ ರಾತ್ರಿ ಒಂದು ಗಂಟೆಯಾದರೂ ಅವನ ಕರ್ಸರ್ ಓಡಾಡ್ತಿತ್ತು.

ನಾನು ಬರೆದ ಕ್ಯಾಂಟಿಲಿವರ್ ಚಾಪ್ಟರ್‌ನಲ್ಲಿ ಒಂದು ಫಾರ್ಮುಲಾ ಇತ್ತು. ಒಂದು ತುದಿಯನ್ನು ಗೋಡೆಯಲ್ಲಿ ಹೂತ ತೊಲೆಯ ಇನ್ನೊಂದು ತುದಿಗೆ ಭಾರ ಹಾಕಿದರೆ, ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಇರೋದು ಗೋಡೆಯ ಹತ್ತಿರ. ಅದರ ಕೆಳಗೆ ಅವನು ಕನ್ನಡದಲ್ಲಿ ಸೇರಿಸಿದ್ದ: ‘ಮಾವಿನ ಕೊಂಬೆ ತುದಿಗೆ ಜೋತು ಬಿದ್ದರೆ ಅದು ತುದೀಲಿ ಮುರಿಯಲ್ಲ, ಬುಡದ ಹತ್ತಿರ ಮುರಿಯುತ್ತೆ. ಇದೂ ಅದೇ.’

ನಾನು ಅಳಿಸಿಬಿಟ್ಟೆ. ಇಂಗ್ಲಿಷ್ ನೋಟ್ಸ್ ಮಧ್ಯೆ ಕನ್ನಡ ಚೆನ್ನಾಗಿ ಕಾಣಲ್ಲ ಅನ್ನಿಸಿತ್ತು, ಅಷ್ಟೇ. ಆಮೇಲೂ ನಾಲ್ಕೈದು ಕಡೆ ಹಾಗೇ ಮಾಡಿದೆ. ಒಂದು ಮಾತೂ ಕೇಳಲಿಲ್ಲ.

ಒಂದು ವಾರ ಕಳೆಯಿತು. ಕರ್ಸರ್ ಬರೋದು ನಿಂತಿತ್ತು. ಸೋಮಾರಿ ಆಗ್ಬಿಟ್ಟ ಅಂತ ಬೈಕೊಂಡು ವರ್ಷನ್ ಹಿಸ್ಟರಿ ತೆಗೆದೆ. ಯಾರು ಏನು ಬರೆದರು, ಯಾರು ಏನು ಅಳಿಸಿದರು, ಎಲ್ಲಾ ಒಬ್ಬೊಬ್ಬರ ಬಣ್ಣದಲ್ಲಿ ತೋರಿಸುತ್ತಲ್ಲ. ಅವನ ಸಾಲುಗಳ ಮೇಲೆಲ್ಲಾ ನನ್ನ ಬಣ್ಣದ ಗೆರೆ.

ಅವನ ರೂಮಿಗೆ ಹೋದೆ. “ಯಾಕೋ ಬರೀತಿಲ್ಲ?”

“ನೀನು ಹೆಂಗೂ ಅಳಿಸ್ತೀಯಲ್ಲ ಮಗಾ, ಸುಮ್ನೆ ಟೈಪ್ ಮಾಡೋದ್ಯಾಕೆ?”

ಸಿಟ್ಟಿಲ್ಲ, ಏನಿಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು. ಅವತ್ತು ರಾತ್ರಿ ಕೂತು ಅವನ ಸಾಲುಗಳನ್ನೆಲ್ಲ ವಾಪಸ್ ಹಾಕಿದೆ. ಅವನು ಮತ್ತೆ ಬರೆದ, ನಿಜ. ಆದರೆ ಮೊದಲಿನಷ್ಟಲ್ಲ. ಅಳಿಸಿದ ಸಾಲು ವಾಪಸ್ ಬರುತ್ತೆ, ಅಳಿಸಿದ ಹುಮ್ಮಸ್ಸು ಅಷ್ಟು ಸುಲಭವಾಗಿ ಬರಲ್ಲ.

ಎಷ್ಟೋ ದಿನದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ತಿದ್ದೋಕೆ ಕೂತಾಗ ಇದೆಲ್ಲ ಮತ್ತೆ ನೆನಪಾಯಿತು. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಶುರು ಮಾಡಿದಾಗ ಆ ಹೆಸರು ತಗೊಂಡಿದ್ದು ಹವಾಯಿ ಭಾಷೆಯಿಂದ, ಅರ್ಥ, ಬೇಗ. ಯಾರು ಬೇಕಾದರೂ ಬೇಗ ತಿದ್ದಬಹುದು. ಆದರೆ ವಿಕಿಪೀಡಿಯದಲ್ಲಿ ಪ್ರತಿ ಲೇಖನಕ್ಕೂ ಜೊತೆಗೊಂದು ಚರ್ಚೆ ಪುಟ ಇದೆ, ಹಳೇ ಆವೃತ್ತಿಗಳ ಇತಿಹಾಸ ಇದೆ. ಬೇಗ ತಿದ್ದು, ಜಗಳ ಬಂದ್ರೆ ಮಾತಾಡು. ನಮ್ಮ ಡಾಕ್‌ನಲ್ಲೂ ಕಾಮೆಂಟ್ ಹಾಕೋ ಸೌಲಭ್ಯ ಇತ್ತು. ನಾನು ಬಳಸಿದ್ದು ಡಿಲೀಟ್ ಬಟನ್ ಒಂದೇ.

ಈಗ ಆಫೀಸಲ್ಲಿ ಪ್ರತಿ ವರ್ಷ ಇಂಟರ್ನ್‌ಗಳು ಬರ್ತಾರೆ. ಅವರೇ ಸೇರಿ ಬರೆಯೋ ಒಂದು ಡಾಕ್ ಇದೆ, ಮುಂದಿನ ಬ್ಯಾಚಿಗೆ ಅಂತ. ನನ್ನದು ಒಂದೇ ರೂಲು: ತಪ್ಪಿದ್ರೆ ಕಾಮೆಂಟ್ ಹಾಕಿ, ಬರೆದವರನ್ನ ಕೇಳದೆ ಅಳಿಸಬೇಡಿ. ಯಾವ ಭಾಷೇಲಾದ್ರೂ ಬರೀರಿ. ಹೋದ ವರ್ಷ ಕಲಬುರಗಿಯ ಹುಡುಗಿಯೊಬ್ಬಳು ಸರ್ವರ್ ಲೋಡ್ ಬಗ್ಗೆ ವಿವರಿಸೋಕೆ ಮದುವೆ ಮನೆ ಪಂಕ್ತಿಯ ಉದಾಹರಣೆ ಕೊಟ್ಟಿದ್ದಳು. ಅರ್ಧ ಇಂಗ್ಲಿಷು, ಅರ್ಧ ಅವರ ಕಡೆಯ ಕನ್ನಡ. ಆಮೇಲೆ ಬಂದವರು ಅದರ ಕೆಳಗೇ ತಮ್ಮ ಅನುಮಾನ ಕೇಳಿದ್ದಾರೆ.

ಕ್ಯಾಂಟಿಲಿವರ್ ಫಾರ್ಮುಲಾ ನಂಗೀಗ ಪುಸ್ತಕ ನೋಡದೆ ನೆನಪಾಗಲ್ಲ. ಮಾವಿನ ಕೊಂಬೆ ಎಲ್ಲಿ ಮುರಿಯುತ್ತೆ ಅನ್ನೋದು ಮಾತ್ರ ಮರೆತಿಲ್ಲ.