ಲೆಕ್ಕಕ್ಕೆ ಸಿಗದ ಚೂರು

ನನ್ನ ತಂದೆ ಕಾಸರಗೋಡಿನ ಒಂದು ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. "ಮೊದಲು ಚೂರಿನ ಲೆಕ್ಕ ಹಾಕು ಮಗಾ, ಹಲಗೆಯ ಲೆಕ್ಕ ತಾನಾಗಿ ಸರಿಹೋಗುತ್ತದೆ" ಎನ್ನುತ್ತಿದ್ದರು. ಬ್ಯಾಂಕಿನ ಗುಮಾಸ್ತನಾದ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಈಚೆಗೆ ಹಳೆಯ ಕಾರುಗಳ ಬಗ್ಗೆ ಓದುತ್ತಿದ್ದಾಗ ಅದು ಪ್ಯಾರಿಸ್ಸಿನ ಒಂದು ಕಂಪೆನಿಯ ಕಥೆಯಲ್ಲಿ ಮತ್ತೆ ಎದುರಾಯಿತು.

ಕಂಪೆನಿಯ ಹೆಸರು ಪಾನಾರ್ ಮತ್ತು ಲೆವಾಸೋರ್. ಮೂಲ ಕಸುಬು ಮರ ಕೊಯ್ಯುವ ಯಂತ್ರಗಳ ತಯಾರಿ. ಜರ್ಮನಿಯ ಡೈಮ್ಲರ್ ಎಂಜಿನ್ನನ್ನು ಫ್ರಾನ್ಸಿನಲ್ಲಿ ತಯಾರಿಸುವ ಹಕ್ಕು ಎದುವಾರ್ ಸಾರಾಜಿನ್ ಎಂಬವರ ಕೈಯಲ್ಲಿತ್ತು. 1887ರಲ್ಲಿ ಅವರು ತೀರಿಕೊಂಡಾಗ ಪತ್ನಿ ಲೂಯಿಸ್ ಡೈಮ್ಲರರಲ್ಲಿಗೆ ಹೋಗಿ ಆ ಹಕ್ಕನ್ನು ಉಳಿಸಿಕೊಂಡರು. 1890ರಲ್ಲಿ ಆಕೆ ಎಮಿಲ್ ಲೆವಾಸೋರರನ್ನು ಮದುವೆಯಾದರು. ಹಕ್ಕು ಕಂಪೆನಿಯ ಪಾಲಾಯಿತು. ಆಕೆಯ ಹೆಸರು ಮಾತ್ರ ಕಂಪೆನಿಯ ಫಲಕದಲ್ಲಿ ಬರಲಿಲ್ಲ.

1891ರಲ್ಲಿ ಲೆವಾಸೋರ್ ಹೊಸದೊಂದು ಜೋಡಣೆ ತಂದರು: ಎಂಜಿನ್ ಮುಂದೆ, ಅದರ ಹಿಂದೆ ಗಿಯರ್, ಚಾಲನೆ ಹಿಂದಿನ ಚಕ್ರಕ್ಕೆ. ನಮ್ಮ ಗುಡ್ಡದ ದಾರಿಯಲ್ಲಿ ಜೀಪು ಹತ್ತಿದವರಿಗೆಲ್ಲ ಇದು ಪರಿಚಿತವೇ. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಸ್ಪರ್ಧೆಯಲ್ಲಿ ಅವರು ಸುಮಾರು 1,180 ಕಿಲೋಮೀಟರನ್ನು 48 ಗಂಟೆ 48 ನಿಮಿಷಗಳಲ್ಲಿ ಓಡಿಸಿ ಎಲ್ಲರಿಗಿಂತ ಮೊದಲು ತಲಪಿದರು. ಆದರೆ ಕಾರಿಗೆ ಎರಡೇ ಸೀಟು ಎಂದು ಮೊದಲ ಬಹುಮಾನ ನಾಲ್ಕು ಸೀಟಿನ ಪೆಜೋ ಕಾರಿಗೆ ಹೋಯಿತು. ಮರುವರ್ಷದ ಸ್ಪರ್ಧೆಯಲ್ಲಿ ನಾಯಿಯೊಂದನ್ನು ತಪ್ಪಿಸಲು ಹೋಗಿ ಬಿದ್ದ ಲೆವಾಸೋರ್ 1897ರಲ್ಲಿ ತೀರಿಕೊಂಡರು.

ಕಂಪೆನಿ ಮುಂದೆ ಬಹುಕಾಲ ದೊಡ್ಡ ಕಾರುಗಳನ್ನು ಮಾಡಿತು. ಎರಡನೆಯ ಮಹಾಯುದ್ಧದ ನಂತರ ಸಣ್ಣ ಕಾರಿಗೆ ಇಳಿಯಿತು. 1950ರ ದಶಕದಲ್ಲಿ ಅಲ್ಯೂಮಿನಿಯಮ್ ಮೈಯ ಡೀನಾ ಝಡ್ ಬಂತು. ಹಗುರ, ಚುರುಕು. ಆದರೆ ಖರ್ಚು ಅಂದಾಜಿಸುವಾಗ ಕಾರಿಗೆ ಕೂರುವ ತಗಡನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಕತ್ತರಿಸಿದ ಮೇಲೆ ಉಳಿಯುವ ಚೂರುಗಳನ್ನು ಮರೆತಿದ್ದರು. ಮರ ಕೊಯ್ಯುವ ಕಸುಬಿನಿಂದ ಬಂದವರಿಗೆ ಈ ಮರೆವು! ತಪ್ಪು ತಿಳಿದು ಉಕ್ಕಿಗೆ ಮರಳುವಷ್ಟರಲ್ಲಿ ಕೈ ಬರಿದಾಗಿತ್ತು. 1955ರಲ್ಲಿ ಸಿತ್ರೋಯೆನ್ ಪಾಲು ಪಡೆಯಿತು, 1965ರಲ್ಲಿ ಪೂರ್ತಿ ಕೊಂಡಿತು. 1967ರಲ್ಲಿ ಪಾನಾರ್ ಕಾರುಗಳ ತಯಾರಿಯೇ ನಿಂತಿತು.

ಅಂದು ರಾತ್ರಿ ಪುಸ್ತಕ ಮುಚ್ಚಿದಾಗ ನೆನಪಾದದ್ದು 1956. ಗಡಿಯನ್ನು ಕೊಯ್ದವರ ಲೆಕ್ಕದಲ್ಲಿ ನಾವೂ ಇಂಥ ಚೂರುಗಳೇ ಆಗಿದ್ದೆವೇನೋ. ಆ ಮಾತನ್ನು ಹೆಂಡತಿಗೆ ಹೇಳಬೇಕೆಂದು ಅಡುಗೆಮನೆಗೆ ಹೋದೆ. ಆಕೆ ಊಟಕ್ಕೆ ಮಣೆ ಹಾಕುತ್ತಿದ್ದಳು. ನಾಲ್ಕೂ ಮಣೆಗಳು ಅಪ್ಪ ಮಿಲ್ಲಿನಲ್ಲಿ ದುಡ್ಡು ಕೊಟ್ಟು ತಂದ ಚೂರುಗಳಿಂದ ಮಾಡಿದವು. ಇಂದಿಗೂ ಒಂದೂ ಅಲುಗಾಡುವುದಿಲ್ಲ. ಹೇಳಲು ಹೋದದ್ದನ್ನು ಹೇಳದೆ ಉಣ್ಣಲು ಕೂತೆ.