ಮುಳುಗಿದ ಊರಿನ ಪಾಲು

ಸಹೋದರಿಯರೇ, ಸಮುದ್ರದ ತಳದಲ್ಲಿ ಬಿದ್ದಿರುವ ಹಳೆಯ ಹಡಗನ್ನು ನೋಡಲು ಜನರು ನೀರಿಗಿಳಿಯುವ ದೃಶ್ಯವನ್ನು ನೀವು ಟಿ.ವಿ.ಯಲ್ಲಿ ಕಂಡಿರಬಹುದು. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಿದೆ. ಒಂದನೆಯ ಮಹಾಯುದ್ಧದ ನಂತರ ಅಲ್ಲಿ ಸೆರೆಯಲ್ಲಿದ್ದ ಜರ್ಮನಿಯ ಯುದ್ಧನೌಕೆಗಳನ್ನು 1919ರ ಜೂನ್ 21ರಂದು ಅವುಗಳ ನಾವಿಕರೇ ಮುಳುಗಿಸಿಬಿಟ್ಟರು. ಅಂದು 52 ಹಡಗುಗಳು ಮುಳುಗಿದವು. ಹೆಚ್ಚಿನವನ್ನು ಮುಂದೆ ಮೇಲೆತ್ತಿದರೂ ಏಳು ದೊಡ್ಡ ಹಡಗುಗಳು ಇಂದಿಗೂ ಅಲ್ಲಿಯೇ ಇವೆ. ಕೆಲವು 40 ಮೀಟರಿಗಿಂತಲೂ ಆಳದಲ್ಲಿವೆ.

ಆ ಕೊರೆಯುವ ತಣ್ಣೀರಿನಲ್ಲಿ ಇಳಿಯುವವರು ಮೈಗೆ ನೀರು ತಾಗದಂತಹ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ. ಪ್ರತಿ 10 ಮೀಟರಿಗೂ ನೀರಿನ ಒತ್ತಡ ಹೆಚ್ಚುತ್ತದೆ. 40 ಮೀಟರ್ ಆಳದಲ್ಲಿ ಅದು ನೆಲದ ಮೇಲಿನದರ ಐದು ಪಟ್ಟು. ಇಳಿಯುವುದಕ್ಕಿಂತ ಮೇಲೆ ಬರುವುದೇ ಕಷ್ಟ. ಅವಸರದಿಂದ ಬಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಪ್ರಾಣಕ್ಕೇ ಕುತ್ತು. ಆದ್ದರಿಂದ ಅಲ್ಲಲ್ಲಿ ತಂಗಿ, ನಿಧಾನವಾಗಿ ಏರಬೇಕು.

ಜಮಖಂಡಿಯಲ್ಲಿ ನಾನು ಕಲಿಸುವ ಮಕ್ಕಳಿಗೆ ಒಂದು ದಿನ ಇದನ್ನೆಲ್ಲ ಹೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಮ್ಮ ಅಜ್ಜನ ಊರೂ ನೀರಾಗ ಐತ್ರಿ. ಅದನ್ನ ನೋಡಾಕ ಯಾರೂ ಇಳಿಯೂದಿಲ್ಲೇನ್ರಿ?" ಎಂದು ಕೇಳಿದಳು.

ನನ್ನ ಅಜ್ಜನ ಊರೂ ನೀರಿನಲ್ಲಿದೆ. ಬೀಳಗಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿ ಅದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಅನುಮತಿ ಕೊಟ್ಟಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಆ ನೀರಿನಿಂದ ಎಷ್ಟೋ ಒಣಭೂಮಿ ಹಸಿರಾಯಿತು, ನಿಜ. ಆದರೆ ಹಿನ್ನೀರಿನಡಿ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ನಮ್ಮಂತಹ ಅನೇಕ ಹಳ್ಳಿಗಳೂ ಹೋದವು. ಪರಿಹಾರ ಬಂದಾಗ ನಾನಿನ್ನೂ ಹುಡುಗ. ಅಜ್ಜ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅಬ್ಬಾ ಮತ್ತು ಚಾಚಾ ಆ ಹಣದಲ್ಲಿ ಮುಧೋಳದ ಹತ್ತಿರ ಕಬ್ಬಿನ ಹೊಲ ಕೊಂಡರು.

ಅಬ್ಬಾರಿಗೆ ಒಬ್ಬಳೇ ತಂಗಿ, ನನ್ನ ಫೂಫಿ. ಅವಳನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದರು. ಮಗ್ಗದ ಸದ್ದಿನ ನಡುವೆ ಕಂಡಿಕೆ ಸುತ್ತುತ್ತಲೇ ಅವಳ ಆಯುಷ್ಯ ಕಳೆದಿದೆ. ಕಳೆದ ಮೇ ತಿಂಗಳಲ್ಲಿ ರಬಕವಿ-ಬನಹಟ್ಟಿಗೆ ಹೋಗಿದ್ದಾಗ ಶಾಲೆಯ ಹುಡುಗಿಯ ಮಾತನ್ನು ಅವಳಿಗೆ ಹೇಳಿದೆ. ಫೂಫಿ ಕೈಯಲ್ಲಿದ್ದ ನೂಲು ಕೆಳಗಿಟ್ಟು, "ಈಗ ನೀರು ಇಳಿದಿರ್ತದ. ಒಮ್ಮೆ ಕರಕೊಂಡು ಹೋಗಪಾ" ಎಂದಳು.

ಮರುದಿನ ಫಜ್ರ್ ನಮಾಝ್ ಮುಗಿಸಿ ಹೊರಟೆವು. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿ ಮುಟ್ಟುವಾಗ ಬಿಸಿಲೇರಿತ್ತು. ಮೊದಲು ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಹೋಗಿ ನಿಂತೆವು. ಸುಮಾರು ಮೂರು ಕಿಲೋಮೀಟರ್ ಉದ್ದದ ಸೇತುವೆ ಅದು. ಮಳೆಗಾಲದ ಕೊನೆಗೆ ಇಲ್ಲಿ ಕಣ್ಣು ಹಾಯುವವರೆಗೂ ನೀರು. ಬೇಸಿಗೆಯಲ್ಲಿ ಮಾತ್ರ ನದಿ ತನ್ನ ಹಳೆಯ ಪಾತ್ರದತ್ತ ಸರಿಯುತ್ತದೆ. "ನಮ್ಮ ಹೊಳಿ ಇಷ್ಟು ಸಣ್ಣದಿತ್ತು, ನಾವು ಹುಟ್ಟಿನಾಗ ಕುಂತು ದಾಟತಿದ್ವಿ" ಎಂದಳು ಫೂಫಿ.

ಅಲ್ಲಿಂದ ರಿಕ್ಷಾದಲ್ಲಿ ನಮ್ಮ ಊರಿನ ಕಡೆ ಹೋದೆವು. ನೆಲವೆಲ್ಲ ಬಿರುಕು ಬಿಟ್ಟ ಎರೆಮಣ್ಣು. ನಡುನಡುವೆ ಮನೆಗಳ ತಳಪಾಯದ ಕಲ್ಲುಗಳು, ಒಡೆದ ಬೀಸುಕಲ್ಲು. ನನಗೆ ಅದು ಬರೀ ಕಲ್ಲಿನ ರಾಶಿ. ಫೂಫಿಗೆ ಅದು ಊರು. ಮೊಣಕಾಲು ನೋವೆಂದು ಯಾವಾಗಲೂ ನರಳುವವಳು ಹುಡುಗಿಯಂತೆ ಮುಂದೆ ನಡೆದಳು. "ಇದು ಪಡಸಾಲಿ. ಇಲ್ಲಿ ಅಮ್ಮಾ ರೊಟ್ಟಿ ಬಡೀತಿದ್ದಳು. ಅಗೋ, ಅದು ಮಸೀದಿ ಕಟ್ಟಿ. ಅದರಾಚೆ ಗೌಡರ ಮನಿ. ನನ್ನ ಮದುವ್ಯಾಗ ಅವರ ಮನಿಯವರು ಅಂಗಳದಾಗ ನಿಂತು ನೀರು ಹಾಕಿದ್ರು."

ಖಬರಸ್ತಾನ ಮಾತ್ರ ಕಾಣಲಿಲ್ಲ. ಅದು ತಗ್ಗಿನಲ್ಲಿತ್ತಂತೆ, ಇನ್ನೂ ನೀರಿನಡಿಯೇ ಇತ್ತು. ಫೂಫಿ ನೀರಿನ ಅಂಚಿನಲ್ಲಿ ನಿಂತು, ಸೆರಗು ಸರಿಪಡಿಸಿಕೊಂಡು, ಅಜ್ಜ-ಅಜ್ಜಿಗಾಗಿ ಬಹಳ ಹೊತ್ತು ದುಆ ಮಾಡಿದಳು.

ಆಗ ನನಗೆ ಮತ್ತೆ ಸ್ಕಾಪಾ ಫ್ಲೋ ನೆನಪಾಯಿತು. 1939ರ ಅಕ್ಟೋಬರ್ 14ರಂದು ಅಲ್ಲಿ ರಾಯಲ್ ಓಕ್ ಎಂಬ ಬ್ರಿಟಿಷ್ ಯುದ್ಧನೌಕೆ ಮುಳುಗಿ 830ಕ್ಕೂ ಹೆಚ್ಚು ಮಂದಿ ಸತ್ತರು. ಆ ಹಡಗನ್ನು ಸಮಾಧಿಯೆಂದೇ ಪರಿಗಣಿಸಿ, ಇತರರು ಅಲ್ಲಿ ಇಳಿಯುವುದನ್ನು ನಿಷೇಧಿಸಿದ್ದಾರೆ. ವರ್ಷಕ್ಕೊಮ್ಮೆ ನೌಕಾಪಡೆಯ ಮುಳುಗುಗಾರರು ಇಳಿದು ಧ್ವಜ ಬದಲಿಸಿ ಬರುತ್ತಾರೆ. ನಮ್ಮವರಿಗೆ ಅದೂ ಬೇಕಿಲ್ಲ. ದುಆಕ್ಕೆ ಸಿಲಿಂಡರ್ ಬೇಡ, ಎಷ್ಟೇ ಆಳವಿದ್ದರೂ ಅದು ತಲುಪುತ್ತದೆ. ಯೂನುಸ್ ಅಲೈಹಿಸ್ಸಲಾಮರ ಮೊರೆಯನ್ನು ಮೀನಿನ ಹೊಟ್ಟೆಯ ಕತ್ತಲೆಯಿಂದ ಕೇಳಿದವನಲ್ಲವೇ ಅಲ್ಲಾಹನು!

ದುಆ ಮುಗಿಸಿ ಫೂಫಿ ಕಲ್ಲಿನ ಮೇಲೆ ಕುಳಿತಳು. ಆಮೇಲೆ, ಏನೋ ಬೆಲೆ ಕೇಳುವಂತೆ, "ನಮ್ಮ ಅಪ್ಪನ ಹೊಲಕ್ಕ ಎಷ್ಟು ರೊಕ್ಕ ಬಂದಿತ್ತಪಾ?" ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ತಲೆಯೆತ್ತಲು ಆಗಲಿಲ್ಲ. ಮದ್ರಸಾದಲ್ಲಿ ಸಿರಾಜಿ ಓದಿದವನು ನಾನು. ವಾರಸುದಾರರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಲಿಸಿದವನು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅಜ್ಜಿ ಅಜ್ಜನಿಗಿಂತ ಮೊದಲೇ ಹೋಗಿದ್ದಳು. ಗಂಡಿಗೆ ಎರಡೆರಡು, ಹೆಣ್ಣಿಗೆ ಒಂದು. ಐದರಲ್ಲಿ ಒಂದು ಪಾಲು ಫೂಫಿಯದು. ಇಷ್ಟು ಸುಲಭದ ಲೆಕ್ಕವನ್ನು ನನ್ನ ಮನೆಯೊಳಗೆ ನಾನು ಒಮ್ಮೆಯೂ ಮಾಡಿರಲಿಲ್ಲ. ಹಬ್ಬಕ್ಕೊಂದು ಸೀರೆ ಕೊಟ್ಟು ತವರಿನ ಋಣ ತೀರಿತೆಂದುಕೊಂಡಿದ್ದೆವು. ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿಪಡಿಸಿದ ಪಾಲದು. ಆಸ್ತಿ ಅಲ್ಪವೆಂದು ಅದು ತಪ್ಪುವುದಿಲ್ಲ, ಅವಳು ಕೇಳಲಿಲ್ಲವೆಂದೂ ತಪ್ಪುವುದಿಲ್ಲ.

ಅದೇ ರಾತ್ರಿ ಮುಧೋಳಕ್ಕೆ ಹೋದೆ. ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. "ಆಗ ಯಾರೂ ಹೇಳಲಿಲ್ಲ, ಆಕಿನೂ ಕೇಳಲಿಲ್ಲ" ಎಂದರು. ಬೆಳಿಗ್ಗೆ ನಮಾಝಿನ ನಂತರ ಅವರೇ ಕರೆದು, "ಲೆಕ್ಕ ಬರಿ" ಎಂದರು. ಅಂದು ಬಂದ ರೂಪಾಯಿಯ ಲೆಕ್ಕವೋ ಇಂದಿನ ಹೊಲದ ಬೆಲೆಯ ಲೆಕ್ಕವೋ ಎಂಬುದನ್ನು ಮುಫ್ತಿ ಸಾಹೇಬರಲ್ಲಿ ಕೇಳಿದ್ದೇವೆ. ಅಬ್ಬಾ ತಮ್ಮ ಕಡೆಯಿಂದ ಕಬ್ಬಿನ ಬಿಲ್ಲು ಬಂದಾಗಲೆಲ್ಲ ಕಂತಿನಲ್ಲಿ ಕೊಡಲು ಒಪ್ಪಿದ್ದಾರೆ. ಚಾಚಾ ಇನ್ನೂ ಒಪ್ಪಿಲ್ಲ. ಇಷ್ಟು ವರ್ಷ ಆಳದಲ್ಲಿದ್ದುದು ಒಂದೇ ದಿನದಲ್ಲಿ ಮೇಲೆ ಬರಬೇಕೆಂದು ನಾನು ಹಟ ಹಿಡಿದಿಲ್ಲ. ಆದರೆ ಮರಳಿ ಮುಳುಗಲು ಬಿಡುವುದೂ ಇಲ್ಲ.

ಇದನ್ನು ನಿಮಗೆ ಹೇಳಲು ಕಾರಣವಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ನೀಡಿದೆ. ಹಾಗಾದರೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಎಕರೆಗೆ ಒಣಭೂಮಿಗೆ 30 ಲಕ್ಷ, ನೀರಾವರಿ ಭೂಮಿಗೆ 40 ಲಕ್ಷ ರೂಪಾಯಿ ಪರಿಹಾರವೆಂದು ತೀರ್ಮಾನಿಸಿತು. ಅಷ್ಟು ದೊಡ್ಡ ಮೊತ್ತ ಮನೆಗೆ ಬರುವ ದಿನ ಅಕ್ಕ-ತಂಗಿಯರ ನೆನಪು ಯಾರಿಗಿರುತ್ತದೆ?

ಆದ್ದರಿಂದ ಸಹೋದರಿಯರೇ, ಹಣ ಬರುವ ಮೊದಲೇ ಮಾತನಾಡಿ. ನಿಮ್ಮ ತಂದೆಯ ಹೊಲ ಎಷ್ಟು, ಯಾರ ಹೆಸರಿನಲ್ಲಿದೆ, ವಾರಸುದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಕೇಳುವುದು ತವರಿಗೆ ಮಾಡುವ ಅಪಚಾರವಲ್ಲ, ಅಣ್ಣ-ತಮ್ಮಂದಿರನ್ನು ಆಖಿರತ್ತಿನ ಲೆಕ್ಕದಿಂದ ಉಳಿಸುವ ಉಪಕಾರ. ತಾಯಂದಿರೇ, ನಿಮ್ಮ ಗಂಡುಮಕ್ಕಳಿಗೆ ಈಗಲೇ ಇದನ್ನು ಹೇಳಿಕೊಡಿ.

ಮಳೆ ಬಂತು. ಆ ಬೀಸುಕಲ್ಲು, ಆ ಮಸೀದಿ ಕಟ್ಟೆ ಮತ್ತೆ ನೀರಿನಡಿ ಹೋದವು. ಮೊದಲ ಕಂತಿನ ಹಣ ಕೈಗಿಟ್ಟಾಗ ಫೂಫಿ ಅದನ್ನು ಎಣಿಸಲಿಲ್ಲ. "ಇದು ಅಪ್ಪ ಕೊಟ್ಟದ್ದು" ಎಂದು ಸೆರಗಿನಲ್ಲಿ ಕಟ್ಟಿಕೊಂಡಳು.