ಭೀಮಾತೀರದ ಸೋರೆಬುರುಡೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗಾಣಗಾಪುರವು ದತ್ತಕ್ಷೇತ್ರವೆಂದು ನಾಡಿಗೆಲ್ಲ ವಿದಿತ. 15ನೆಯ ಶತಮಾನದಲ್ಲಿ ನರಸಿಂಹ ಸರಸ್ವತಿಗಳು ನೆಲೆಸಿದ್ದ ಊರು. ಭೀಮಾ, ಅಮರಜಾ ನದಿಗಳ ಸಂಗಮಸ್ಥಾನ. ಐದು ಮನೆಗಳ ಮಧುಕರಿ ಭಿಕ್ಷೆ ಬೇಡುವ ಯಾತ್ರಿಕರನ್ನು ಇಲ್ಲಿ ಇಂದಿಗೂ ಕಾಣುತ್ತೇವೆ. ಈ ನದೀತೀರದಲ್ಲಿ ನಮ್ಮ ಮನಸ್ಸು ನಿಂತದ್ದು ಏಕತಾರಿಯ ಮೇಲೆ.

ಅಣ್ಣ ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಕೂಡಲಸಂಗಮದೇವನನ್ನು ಬೇಡಿದ ವಚನವನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ದಂಡಿಗೆ, ಸೋರೆ, ತಂತಿಗಳ ಗಣನೆ ಅದರಲ್ಲಿದೆ. ಆ ಮಾತಿನ ಆಳವು ವಾದ್ಯ ಮಾಡುವ ಕೈಗಳನ್ನು ಕಂಡವರಿಗೆ ಚೆನ್ನಾಗಿ ತಿಳಿಯುತ್ತದೆ.

ಏಕತಾರಿಗೆ ಬೇಕಾದ ಸೋರೆಯನ್ನು ಎಳೆಯದಿರುವಾಗ ಕೀಳಲಾಗದು. ಬಳ್ಳಿಯಲ್ಲೇ ಬಲಿತು, ಸಿಪ್ಪೆ ಗಟ್ಟಿಯಾಗಿ, ಅಲ್ಲಾಡಿಸಿದರೆ ಬೀಜ ಗಲಗಲಿಸುವಷ್ಟು ಒಣಗಬೇಕು. ಅನಂತರ ಬಾಯಿ ಕೊಯ್ದು ತಿರುಳನ್ನೂ ಬೀಜವನ್ನೂ ಕೆರೆದು ತೆಗೆಯುತ್ತಾರೆ. ಬಿದಿರಿನ ದಂಡಿಯನ್ನು ಬುರುಡೆಯಲ್ಲಿ ತೂರಿಸಿ, ನೆನೆಸಿದ ಆಡಿನ ತೊಗಲನ್ನು ಬಾಯಿಗೆ ಬಿಗಿಯುತ್ತಾರೆ. ಒಣಗಿದಂತೆ ಅದು ತಾನೇ ಸೆಟೆದುಕೊಳ್ಳುತ್ತದೆ. ತೊಗಲಿನ ಮೇಲೆ ಪುಟ್ಟ ಕುದುರೆ, ದಂಡಿಯ ತುದಿಯಲ್ಲಿ ಬಿರಡೆ, ನಡುವೆ ಒಂದೇ ತಂತಿ. ತಿರುಳು ಉಳಿದ ಬುರುಡೆ ನುಡಿಯದು. ಒಳಗು ಬರಿದಾದ ಮೇಲಲ್ಲವೇ ನಾದಕ್ಕೆ ಎಡೆ!

ಇದೇ ಭೀಮೆಯ ಮೇಲ್ದಂಡೆಯಲ್ಲಿ, ಪಂಢರಪುರದ ಸೀಮೆಯಲ್ಲಿ, ತಂಬೂರಿಗೆಂದೇ ದಪ್ಪಸಿಪ್ಪೆಯ ಕಹಿಸೋರೆಯನ್ನು ಬೆಳೆಯುತ್ತಾರೆ. ಅವು ಮಿರಜಿಗೆ ಹೋಗುತ್ತವೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು 19ನೆಯ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ಕೆಲಸಕ್ಕೆ ತೊಡಗಿದರು. ಕತ್ತಿ ಹಿಡಿದ ಕೈ ತಂತಿ ಹಿಡಿಯಿತು. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ದೂರದ ಫಿನ್ಲೆಂಡಿನಲ್ಲಿಯೂ ಒಂದೇ ಮರದ ತುಂಡನ್ನು ಕೊರೆದು ‘ಕಾಂತೆಲೆ’ ಎಂಬ ಐದು ತಂತಿಯ ವಾದ್ಯವನ್ನು ಕೈಯಿಂದಲೇ ಮಾಡುವ ಪರಂಪರೆಯುಂಟು. 1835ರಲ್ಲಿ ಅಚ್ಚಾದ ಅವರ ‘ಕಾಲೇವಾಲ’ ಕಾವ್ಯದಲ್ಲಿ ಅದರ ಹುಟ್ಟಿನ ಕಥೆಯೇ ಇದೆ.

ನಮ್ಮ ಸೀಮೆಯ ಏಕತಾರಿಗಾದರೋ ಅಂತಹ ಮಾನ್ಯತೆಯ ಹಂಗಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಜನರ ನಾಲಗೆಯಲ್ಲಿ ಬಾಳಿದ್ದು ಈ ಒಂದು ತಂತಿಯ ಆಸರೆಯಿಂದ. ಅವರ ಶಿಷ್ಯಬಳಗದಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಜಾತಿ ಮತಗಳ ಗೋಡೆ ಆ ನಾದಕ್ಕೆ ಅಡ್ಡ ಬರಲಿಲ್ಲ.

ಈಗ ಭಜನೆಗಳಲ್ಲಿ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿದೆ, ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ. ಅನುಕೂಲವನ್ನು ನಾವು ಹಳಿಯುವುದಿಲ್ಲ. ಆದರೆ ಯಂತ್ರವು ಶ್ರುತಿಯನ್ನು ಕೊಟ್ಟೀತು, ಕಾಯುವ ಗುಣವನ್ನು ಕೊಡಲಾರದು. ಸೋರೆ ಬಲಿಯುವ ತನಕ, ತೊಗಲು ಒಣಗುವ ತನಕ ಕಾದವನಿಗೆ ತಂತಿಯನ್ನು ಎಷ್ಟು ಬಿಗಿಯಬೇಕೆಂಬುದು ತಿಳಿಯುತ್ತದೆ. ಹಾಡುವ ಹಿರಿಯರೊಡನೆ ಮಾಡುವ ಕೈಗಳೂ ಮರೆಯಾದರೆ, ಪದಗಳು ಪುಸ್ತಕದಲ್ಲಿ ಉಳಿದಾವು, ಅವುಗಳ ದನಿ ಉಳಿಯದು.

ಸದ್ಭಕ್ತರಲ್ಲಿ ನಮ್ಮ ಅರಿಕೆ ಇಷ್ಟೆ: ಮುಂಗಾರಿನಲ್ಲಿ ಹಿತ್ತಲ ಬೇಲಿಗೆ ಒಂದು ಸೋರೆಬಳ್ಳಿ ಹಬ್ಬಿಸಿರಿ. ಒಂದು ಕಾಯನ್ನು ಅಡುಗೆಗೆ ಕೊಯ್ಯದೆ ಬಿಡಿರಿ. ಅದು ಒಣಗಿದಾಗ ಊರಿನ ಹಿರಿಯ ಹಾಡುಗಾರರೊಬ್ಬರನ್ನು ಮನೆಗೆ ಕರೆದು, ಮಕ್ಕಳನ್ನು ಅವರ ಬಳಿ ಕೂಡಿಸಿರಿ.